ತುರ್ತು ಡಿಬ್ರೈಡ್‌ಮೆಂಟ್ ಕೋಡಿಂಗ್‌ಗೆ ಎನ್‌ಕೋಡರ್: ಮೂರು ವರ್ಷದ ಬಳಕೆಯ ನಂತರ

★★★☆☆

ಡಿಬ್ರೈಡ್‌ಮೆಂಟ್ ಎಂದರೆ ಸತ್ತ, ಸೋಂಕಿತ ಅಂಗಾಂಶವನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ; ಅದರ ಬಿಲ್ಲಿಗೆ ಬೇಕಾದ ಕೋಡ್‌ಗಳನ್ನು ಹುಡುಕಿಕೊಡುವ ಸಾಫ್ಟ್‌ವೇರ್ ಈ ಎನ್‌ಕೋಡರ್. ಲೆಕ್ಕದಲ್ಲಿ ಜಾಣ, ಓದಿನಲ್ಲಿ ದಡ್ಡ. ‘ನೆಕ್ರೋಟೈಸಿಂಗ್’ (ಅಂಗಾಂಶವನ್ನು ಸಾಯಿಸುವ ಸೋಂಕು) ಎಂದು ಹುಡುಕಿದರೆ ಸೋಂಕು ಕಾಲಿನದಾಗಿದ್ದರೂ ಮೊದಲು ಬರುವುದು 11004ರಿಂದ 11006. ಅಮೆರಿಕದ ಚಿಕಿತ್ಸಾ ಕೋಡ್‌ಗಳ ಪಟ್ಟಿಯಾದ ಸಿಪಿಟಿಯಲ್ಲಿ ಇವು ಜಾಗಕ್ಕೆ ಕಟ್ಟುಬಿದ್ದ ಕೋಡ್‌ಗಳು: 11004 ಹೊರ ಜನನಾಂಗ ಮತ್ತು ಪೆರಿನಿಯಮ್‌ಗೆ (ಜನನಾಂಗ, ಗುದದ್ವಾರಗಳ ನಡುವಿನ ಭಾಗ), 11005 ಹೊಟ್ಟೆಯ ಗೋಡೆಗೆ, ಎರಡೂ ಕಡೆ ಹಬ್ಬಿದ್ದರೆ 11006 ಒಂದೇ. ಕೈಕಾಲಿನ ಸ್ನಾಯು ಅಥವಾ ಫೇಸಿಯಾ (ಸ್ನಾಯುವಿನ ಹೊದಿಕೆ) ಕತ್ತರಿಸಿ ತೆಗೆದಿದ್ದರೆ 11043, ಮೊದಲ 20 ಚದರ ಸೆಂಟಿಮೀಟರಿಗೆ. ಅಲ್ಲಿಂದ ಮುಂದೆ ಪ್ರತಿ 20ಕ್ಕೆ, ಅದರ ತುಣುಕಿಗೂ, ಒಂದೊಂದು 11046.

ಇಲ್ಲಿ ಇದರ ಕ್ಯಾಲ್ಕ್ಯುಲೇಟರ್ ನಿಜಕ್ಕೂ ಚೆನ್ನಾಗಿದೆ. 15 × 8 ಎಂದು ಹಾಕಿದರೆ 120. 11043 ಒಂದು, 11046 ಐದು. ಒಂದೇ ಆಳದ ಗಾಯಗಳನ್ನು ಕೂಡಿಸುತ್ತದೆ, ಬೇರೆ ಆಳದವನ್ನು ಬೆರೆಸುವುದಿಲ್ಲ. ಆದರೆ ಆಳ ಯಾವುದೆಂದು ಹೇಳಬೇಕಾದವರು ನಾವೇ. ಆಪರೇಷನ್ ನೋಟ್‌ನಲ್ಲಿ ‘ಸ್ನಾಯು ಕಾಣುತ್ತಿತ್ತು’ ಎಂದಿದ್ದರೆ ಸಾಲದು, ಸ್ನಾಯುವನ್ನು ತೆಗೆದಿರಬೇಕು. ಚರ್ಮದಡಿಯ ಕೊಬ್ಬನ್ನಷ್ಟೇ ತೆಗೆದಿದ್ದರೆ 11042. ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಅಳತೆಯೇ ಬರೆದಿಲ್ಲವೆಂದರೆ ಸರ್ಜನ್‌ಗೆ ಕ್ವೆರಿ (ಲಿಖಿತ ಪ್ರಶ್ನೆ) ಕಳಿಸಿ. ಊಹೆಯ ಅಂಕಿ ಹಾಕಿದರೂ ಸಾಫ್ಟ್‌ವೇರ್ ತುಟಿಪಿಟಕ್ಕೆನ್ನದು.

ಮಾಡಿಫೈಯರ್ (ಕೋಡ್‌ಗೆ ಅಂಟಿಸುವ ಎರಡಂಕಿಯ ಸೂಚನೆ) ಎಚ್ಚರಿಕೆಗಳು ಅರ್ಧಂಬರ್ಧ. ಡಿಬ್ರೈಡ್‌ಮೆಂಟ್‌ಗಳಿಗೆ ಗ್ಲೋಬಲ್ ಅವಧಿ (ಮುಂದಿನ ಆರೈಕೆಯೂ ಅದೇ ಶುಲ್ಕದಲ್ಲಿ ಸೇರುವ ದಿನಗಳು) ಸೊನ್ನೆ ದಿನ, ಹಾಗಾಗಿ ಎರಡು ದಿನ ಬಿಟ್ಟು ಮತ್ತೆ ಆಪರೇಷನ್ ಥಿಯೇಟರ್‌ಗೆ ಒಯ್ದರೆ 58 (ಯೋಜಿತ ಮುಂದಿನ ಹಂತ ಎನ್ನುವ ಮಾಡಿಫೈಯರ್) ಬೇಕಿಲ್ಲ. ಆದರೆ ಮೊದಲ ದಿನ ಅದೇ ಸರ್ಜನ್ ಕೊಲೊಸ್ಟಮಿಯನ್ನೂ (ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆಯುವುದು, 44320) ಮಾಡಿದ್ದರೆ 90 ದಿನದ ಗಡಿಯಾರ ಶುರು. ಮೊದಲೇ ಯೋಜಿಸಿದ್ದ ಮರುಡಿಬ್ರೈಡ್‌ಮೆಂಟ್‌ಗೆ ಆಗ 58 ಬೇಕು. ಹಿಂದಿನ ಕ್ಲೇಮ್ ಸಿಸ್ಟಮ್‌ನಲ್ಲಿ ಇಲ್ಲದಿದ್ದರೆ ಎನ್‌ಕೋಡರ್‌ಗೆ ಇದರ ಸುಳಿವೇ ಇರುವುದಿಲ್ಲ.

ಇನ್ನೊಂದು ಕಿರಿಕಿರಿ, ಪದೇಪದೇ ಬಳಸುವ ಕೋಡ್‌ಗಳ ‘ಫೇವರಿಟ್ಸ್’ ಪಟ್ಟಿ. 2023ರಲ್ಲಿ ಮೆಶ್ (ಆಧಾರಕ್ಕೆ ಹೊಲಿಯುವ ಬಲೆ) ಹಾಕುವ ಹಳೆಯ ಕೋಡ್ 49568 ರದ್ದಾಯಿತು, ಸೋಂಕಿನ ನಂತರ ತಡವಾಗಿ ಮುಚ್ಚಲು ಹಾಕುವ ಕರಗುವ ಮೆಶ್‌ಗೆ 15778 ಬಂತು. ಕೋಡ್ ಡೇಟಾ ಅಪ್‌ಡೇಟ್ ಆದರೂ ಪಟ್ಟಿಯಲ್ಲಿ ಹಳೆಯದು ಹಾಗೇ ಕೂತಿತ್ತು. ಸೋಂಕಿತ ಮೆಶ್ ತೆಗೆಯುವ 11008 ಆಡ್-ಆನ್ (ಮುಖ್ಯ ಕೋಡ್‌ನ ಜೊತೆಗಷ್ಟೇ ಹಾಕುವಂಥದ್ದು), 11043ರ ಜೊತೆ ಹೋಗದು. ಇದನ್ನು ಮಾತ್ರ ತಪ್ಪದೆ ಹಿಡಿಯುತ್ತದೆ.

ಡಯಾಗ್ನೋಸಿಸ್ ಕಡೆ ದೂರು ಕಡಿಮೆ. ನೆಕ್ರೋಟೈಸಿಂಗ್ ಫೇಸಿಯೈಟಿಸ್‌ನ ಎಂ72.6 ಹಾಕಿದೊಡನೆ ರೋಗಾಣುವಿಗೆ ಬಿ95 ಅಥವಾ ಬಿ96 ಕೇಳುತ್ತದೆ. ಗಂಡಸರ ಫೋರ್ನಿಯರ್ ಗ್ಯಾಂಗ್ರೀನ್‌ಗೆ (ಜನನಾಂಗದ ಭಾಗದ ಇಂಥದೇ ಸೋಂಕು) ಎನ್49.3 ಸರಿಯಾಗಿ ತೋರಿಸುತ್ತದೆ. ಕಲ್ಚರ್ (ರೋಗಾಣು ಪತ್ತೆಯ ಪರೀಕ್ಷೆ) ವರದಿ ತಡವಾಗಿ ಬರುವುದರಿಂದ ಚಾರ್ಟ್ ಹೋಲ್ಡ್‌ನಲ್ಲಿಡುವ ಸೌಲಭ್ಯ ಬೇಕಿತ್ತು, ಅದಿಲ್ಲ.