ಸೈಲೆನ್ಸರ್ ಇಲ್ಲದ ನೇರ ಪೈಪಿನಲ್ಲಿ ಹಳೆಯ ಅಂಬಾಸಿಡರ್: ದೀರ್ಘಕಾಲದ ಬಳಕೆಯ ವಿಮರ್ಶೆ

ದಾವಣಗೆರೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮಾಡಿಸಿದ ನೇರ ಪೈಪನ್ನು ನನ್ನ ಮಾರ್ಕ್ 2 ಅಂಬಾಸಿಡರಿನಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಎಂಜಿನ್ನಿನ ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡಿನ ಬುಡದಿಂದ ಹಿಂದಿನ ಬಂಪರಿನವರೆಗೆ ಒಂದೇ ಅಳತೆಯಲ್ಲಿ ಸಾಗುವ ಈ ಪೈಪನ್ನು ಬೋಲ್ಟುಗಳಿಂದ ಕೂರಿಸಿರುವುದರಿಂದ, ಬೇಕೆಂದಾಗ ಬಿಚ್ಚಿ ಮೂಲ ಸೈಲೆನ್ಸರನ್ನೇ ಹಾಕಿಕೊಳ್ಳಬಹುದು. ಶಬ್ದಕ್ಕಾಗಿ ಮಾಡಿಸುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಪಿಕಪ್ ಹೆಚ್ಚುತ್ತದೆಂಬ ಆಸೆಯಿದ್ದರೆ ಬೇಡವೆನ್ನುತ್ತೇನೆ.

ಪಿಕಪ್ ಏಕೆ ಹೆಚ್ಚುವುದಿಲ್ಲವೆಂದರೆ, 1489 ಸಿಸಿಯ ಈ ಎಂಜಿನ್ನಿನಲ್ಲಿ ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸಾಗುವ ದೂರ) ಸುಮಾರು 89 ಮಿ.ಮೀ. ಇದ್ದು, ಅದು ನಿಧಾನವಾಗಿ ತಿರುಗುತ್ತಲೇ ಎಳೆಯುವ ಜಾತಿಯದು. ನಾಲ್ಕು ಸಿಲಿಂಡರುಗಳ ಹೊಗೆಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ ಇರುವುದು ಮೂರೇ ದಾರಿ; ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳು ನಡುವಿನ ಒಂದನ್ನೇ ಹಂಚಿಕೊಳ್ಳುತ್ತವೆ. ಇಕ್ಕಟ್ಟು ಅಲ್ಲಿರುವಾಗ ಬಾಲದ ಕಡೆ ಎಷ್ಟು ಬಿಡುವು ಮಾಡಿಕೊಟ್ಟರೂ ಪ್ರಯೋಜನ ಅತ್ಯಲ್ಪ.

ಪೈಪು ಹಾಕಿದ ಮೇಲೆ ಪೆಟ್ರೋಲಿನ ಮಿಶ್ರಣ ತೆಳುವಾಯಿತು, ಅಂದರೆ ಅದರಲ್ಲಿ ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾಯಿತು. ಪ್ಲಗ್ಗಿನ ತುದಿ ಕಂದುಬಣ್ಣ ಬಿಟ್ಟು ಸುಣ್ಣದಂತೆ ಬೆಳ್ಳಗಾಗತೊಡಗಿತು. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿತ ಕೇಳಿಸಿತು. ಗಾಳಿಗೆ ಪೆಟ್ರೋಲು ಬೆರೆಸುವ ಎಸ್‌ಯು ಕಾರ್ಬುರೇಟರಿನ ತಳದಲ್ಲಿರುವ ಜೆಟ್ಟಿನ (ಪೆಟ್ರೋಲು ಹೊರಬರುವ ಕಿರುಕೊಳವೆಯ) ನಟ್ಟನ್ನು ಅದರ ಆರು ಮುಖಗಳಲ್ಲಿ ಎರಡು ಮುಖದಷ್ಟು ತಿರುಗಿಸಿ ಕೆಳಗಿಳಿಸಿ, ಪೆಟ್ರೋಲು ಹೆಚ್ಚು ಬರುವಂತೆ ಮಾಡಿದ ಮೇಲೆ ಪ್ಲಗ್ಗಿನ ಬಣ್ಣ ಮರಳಿತು. ಸಿಡಿತ ಮಾತ್ರ ಪೈಪನ್ನು ಬೋಲ್ಟಿನಿಂದ ಜೋಡಿಸುವ ಫ್ಲ್ಯಾಂಜಿನ ಸಂದಿಯಲ್ಲಿ ಗಾಳಿ ಒಳನುಗ್ಗುವುದನ್ನು ತಡೆಯುವವರೆಗೂ ನಿಲ್ಲಲಿಲ್ಲ. ಸೈಲೆನ್ಸರ್ ತೆಗೆದರೆ ವಾಲ್ವ್ ಸುಟ್ಟುಹೋಗುತ್ತದೆಂದು ನಮ್ಮ ಮೆಕ್ಯಾನಿಕ್ಕುಗಳು ಹೇಳುವುದುಂಟು. ಅದನ್ನು ಸುಡುವುದು ತೆಳುವಾದ ಮಿಶ್ರಣ ಮತ್ತು ವಾಲ್ವನ್ನು ಪೂರ್ತಿ ಮುಚ್ಚಗೊಡದಷ್ಟು ಬಿಗಿಯಾದ ಟ್ಯಾಪೆಟ್, ಪೈಪಲ್ಲ.

ನನಗೆ ಈ ಪೈಪಿನಲ್ಲಿ ನಿಜವಾಗಿ ಹಿಡಿಸಿದ್ದು ಬೇರೆಯೇ. ಸೈಲೆನ್ಸರ್ ಮುಚ್ಚಿಡುತ್ತಿದ್ದ ಎಂಜಿನ್ನಿನ ಕಾಯಿಲೆಗಳೆಲ್ಲ ಈಗ ಕಿವಿಗೆ ಬೀಳುತ್ತವೆ. ಐಡ್ಲಿಂಗಿನಲ್ಲಿ ನಿಂತಾಗ ಪೈಪಿನ ಬಾಯಿಯ ಬಳಿ ಕುಳಿತರೆ ನಾಲ್ಕು ಹೊಡೆತಗಳಲ್ಲಿ ಯಾವುದು ಸೊರಗಿದೆಯೆಂಬುದು ಗೊತ್ತಾಗುತ್ತದೆ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿ ನೋಡಿದಾಗ, ಯಾವುದನ್ನು ಕಳಚಿದರೂ ಲಯ ಬದಲಾಗುವುದಿಲ್ಲವೋ ಆ ಸಿಲಿಂಡರೇ ಮಿಸ್ ಹೊಡೆಯುತ್ತಿರುತ್ತದೆ.

ಓಡಿಸುವ ಸುಖ ಅಷ್ಟಿಲ್ಲ. ತೋಟದ ಉದ್ದನೆಯ ದಾರಿಯಲ್ಲಿ ಮೂರನೆಯ ಗೇರಿಗೆ ಬಂದೊಡನೆ ಕ್ಯಾಬಿನ್ ತುಂಬ ಗುಂಯ್‌ಗುಡುವ ಸದ್ದು ತುಂಬಿ, ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುವುದಿಲ್ಲ. ಹೀಗೆ ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗ ಮುಟ್ಟುವುದನ್ನು ನಾನಂತೂ ಊಹಿಸಲಾರೆ.

ಹಣ ಉಳಿಸಲೆಂದು ಪೈಪನ್ನು ಹಿಂದಿನ ಸೀಟಿನ ಕೆಳಗೇ ನಿಲ್ಲಿಸುವವರಿದ್ದಾರೆ, ಅದು ಅಪಾಯಕರ. ಹಳೆಯ ಗಾಡಿಯ ತಳದಲ್ಲಿ ತುಕ್ಕಿನ ತೂತುಗಳಿರುವುದು ಸಾಮಾನ್ಯ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅಲ್ಲಿಂದ ಒಳಗೆ ಬರುತ್ತದೆ.

ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಬಳಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿಯೊಂದು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಆದ್ದರಿಂದ ನಾನು ಸೈಲೆನ್ಸರಿನಲ್ಲೇ ಹೋಗಿ, ತೋಟದಲ್ಲಿ ಅಥವಾ ಪ್ರದರ್ಶನದ ಮೈದಾನದಲ್ಲಿ ಪೈಪು ಬದಲಿಸುತ್ತೇನೆ. ಬದಲಿಸುವಾಗಲೆಲ್ಲ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಬೇಕು, ಸೈಲೆನ್ಸರ್ ಮರಳಿ ಹಾಕಿದ ಮೇಲೆ ಜೆಟ್ಟಿನ ನಟ್ಟನ್ನು ಆ ಎರಡು ಮುಖದಷ್ಟು ಮತ್ತೆ ಮೇಲೇರಿಸಬೇಕು.