ಹಸಿರು ಬಣ್ಣದ ಯೂರಿಯಾಗೆ 450 ರೂಪಾಯಿ ಕೊಟ್ಟು ಬಂದೆ

ಬರೆಯೋದು ಬೇಡ ಅಂದುಕೊಂಡಿದ್ದೆ. ನಮ್ಮನೆಯವರು "ಹೋಗ್ಲಿ ಬಿಡು, 450 ರೂಪಾಯಿ ತಾನೆ" ಅಂದ್ರು. ದುಡ್ಡಿನ ಮಾತಲ್ಲ ಇದು. ಮದ್ದೂರು ಕಡೆ ಕಬ್ಬು, ಭತ್ತ ಬೆಳೆಯೋ ಮನೆ ನಮ್ಮದು. ಸ್ಕೂಲಿಗೆ ರಜೆ ಬಂದಾಗ ಯೂರಿಯಾ ತುಂಬಿದ ಬೇಸಿನ್ ಸೊಂಟಕ್ಕಿಟ್ಟುಕೊಂಡು ಬದುವಿನ ಮೇಲೆ ಅಪ್ಪನ ಹಿಂದೆ ಹಿಂದೆ ಓಡಾಡಿದವಳು ನಾನು. ಅಂಥವಳಿಗೆ ಬೆಂಗಳೂರಿನ ಒಬ್ಬ ನರ್ಸರಿಯವನು ಅದೇ ಯೂರಿಯಾಗೆ ಬಣ್ಣ ಕಟ್ಟಿ 100 ಗ್ರಾಂ 450 ರೂಪಾಯಿಗೆ ಮಾರಿದ. ನಾನು ಕೊಂಡೆ. ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಮನೆಯೊಳಗೆ ಚೆಂದಕ್ಕಿಡೋ, ಬೆಳೆದಂತೆ ಎಲೆ ಸೀಳಿಕೊಳ್ಳೋ ಮಾನ್‌ಸ್ಟೆರಾ ಗಿಡವೊಂದು ನಮ್ಮಲ್ಲಿದೆ. ಇತ್ತು ಅನ್ನಬೇಕೋ ಇದೆ ಅನ್ನಬೇಕೋ ಗೊತ್ತಾಗ್ತಿಲ್ಲ. ಎರಡು ವರ್ಷದ ಹಿಂದೆ ತಂದಾಗ ನಾಲ್ಕೆಲೆ, ಈ ಜೂನ್ ಹೊತ್ತಿಗೆ ಒಂಬತ್ತು. ಆದರೆ ಒಂದೆಲೆಯೂ ಸೀಳಿರಲಿಲ್ಲ, ಎಲ್ಲಾ ವೀಳ್ಯದೆಲೆ ಥರ ಇಡೀ ಇಡೀ. ಎದುರು ಫ್ಲಾಟ್‌ನವರ ಗಿಡದ ಎಲೆ ಬಾಚಣಿಗೆ ಹಾಗೆ ಸೀಳಿಕೊಂಡು ನಿಂತಿದೆ. ಹೊಟ್ಟೆಕಿಚ್ಚು ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ನರ್ಸರಿಗೆ ಹೋಗಿದ್ದು ಒಂದು ದೊಡ್ಡ ಕುಂಡ ತರೋಕೆ, ಅಷ್ಟೇ. ಕುಂಡ ಆರಿಸ್ತಾ ಇದ್ದಾಗ ಅವನೇ ಕೇಳಿದ, "ಯಾವ ಗಿಡಕ್ಕೆ ಮೇಡಂ?" ಹೇಳಿದೆ. "ಎಲೆ ಸೀಳಿದೆಯಾ?" "ಇಲ್ಲ" ಅಂದೆ. ಆ "ಇಲ್ಲ" ಅಂದ ಹೊತ್ತಿಗೆ ನಾನು ಮುಗಿದಿದ್ದೆ.

"ಗಿಡ ಹಸಿದಿದೆ ಮೇಡಂ. ಸರಿಯಾದ ಫುಡ್ ಕೊಡದೆ ಎಲೆ ಸೀಳಲ್ಲ" ಅಂತ ಒಳಗಿಂದ ಒಂದು ಪೊಟ್ಟಣ ತಂದ. ಜಿಪ್ ಇರೋ ಚೆಂದದ ಕವರ್, ಮೇಲೆ ಎಲೆ ಚಿತ್ರ, 'ಮಾನ್‌ಸ್ಟೆರಾ ಸ್ಪೆಷಲ್'. ಒಳಗೆ ಹಸಿರು ಹಸಿರು ಕಾಳು, ಸಬ್ಬಕ್ಕಿಗಿಂತ ಸಣ್ಣದು. "ಇಂಪೋರ್ಟೆಡ್. ಸ್ಲೋ ರಿಲೀಸ್, ನಿಧಾನಕ್ಕೆ ಕರಗುತ್ತೆ. ಆರು ತಿಂಗಳು ಬೇರೇನೂ ಹಾಕಂಗಿಲ್ಲ." ಎನ್‌ಪಿಕೆ, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಶ್, ಎಷ್ಟೆಷ್ಟು ಅಂತ ಕೇಳಿದೆ, ಅಷ್ಟಾದರೂ ಕೇಳಿದೆನಲ್ಲ. "ಎಲ್ಲಾ ಇದೆ ಮೇಡಂ ಅದರಲ್ಲಿ." ಎಷ್ಟು ಹಾಕಬೇಕು? "ತಿಂಗಳಿಗೆ ಎರಡು ಚಮಚ."

ಓದೋ ನಿಮಗೆ ಈಗಲೇ ಹೊಳೆದಿರುತ್ತೆ. ಆರು ತಿಂಗಳು ಬರೋ ಗೊಬ್ಬರನ ತಿಂಗಳಿಗೊಂದು ಸಲ ಯಾಕೆ ಹಾಕಬೇಕು? ನನಗೆ ಹೊಳೆಯಲಿಲ್ಲ. ಬಿಲ್ ಕೇಳಿದ್ದಕ್ಕೆ ಮಷೀನ್ ಕೆಟ್ಟಿದೆ ಅಂದ. ಸ್ಕ್ಯಾನ್ ಮಾಡಿದರೆ ದುಡ್ಡು ಅಂಗಡಿ ಹೆಸರಿಗಲ್ಲ, ಯಾರದೋ ಸ್ವಂತ ಹೆಸರಿಗೆ ಹೋಯಿತು. ಆಗಲೂ ಹೊಳೆಯಲಿಲ್ಲ.

ಭಾನುವಾರ ಹಾಕಿದೆ, ಟೀ ಚಮಚದಲ್ಲಿ ಎರಡು, ತುಂಬಾ ತುಂಬಾ. ಮೇಲೆ ನೀರು. ಎರಡು ದಿನಕ್ಕೆ ಕಾಳು ಒಂದೂ ಕಾಣಲಿಲ್ಲ, ಮಣ್ಣಿನ ಮೇಲೆ ಹಸಿರು ಕಲೆ ಮಾತ್ರ. ಬುಧವಾರ ಬೆಳಿಗ್ಗೆ ಹಾಲ್‌ನಲ್ಲಿ ಮೂಗಿಗೆ ಹೊಡೆಯೋ ವಾಸನೆ. ಮಗು ಎಲ್ಲೋ ಉಚ್ಚೆ ಹೊಯ್ದಿದೆ ಅಂತ ಸೋಫಾ ಕೆಳಗೆಲ್ಲಾ ಹುಡುಕಿದೆ. ವಾಸನೆ ಬರ್ತಿದ್ದದ್ದು ಕುಂಡದಿಂದ. ಶುಕ್ರವಾರ ಎಲೆ ಜೋತುಬಿದ್ದವು, ಮಣ್ಣು ಒದ್ದೆ ಇದ್ದರೂ. ಆಮೇಲೆ ಅಂಚಿಂದ ಕಂದು ಬಣ್ಣ ಒಳಗೆ ಒಳಗೆ ಹತ್ತುತ್ತಾ ಬಂತು, ಕಾಗದದ ತುದಿಗೆ ಬೆಂಕಿ ತಾಗಿದ ಹಾಗೆ.

ನರ್ಸರಿಯವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಉತ್ತರಗಳನ್ನ ಹಾಗೇ ಹಾಕ್ತೀನಿ, ನೋಡಿ.

ಮೊದಲನೇದು: "ನೀರು ಜಾಸ್ತಿ ಆಗಿದೆ ಮೇಡಂ."

ನೀರು ಎರಡು ವರ್ಷದಿಂದ ನಾನೇ ಹಾಕ್ತಿರೋದು, ಈ ವಾರ ಹೊಸದು ಅಂದ್ರೆ ನಿಮ್ಮ ಗೊಬ್ಬರ ಒಂದೇ ಅಂದೆ. "ಗಿಡ ಅಡ್ಜಸ್ಟ್ ಆಗ್ತಾ ಇದೆ. ಹಳೇ ಎಲೆ ಬಿಟ್ಟು ಹೊಸದು ಕೊಡುತ್ತೆ. ಇದು ಡಿಟಾಕ್ಸ್." ಡಿಟಾಕ್ಸ್ ಅಂತೆ! ಗಿಡಕ್ಕೆ!

ಇನ್ನೆರಡು ಎಲೆ ಹೋದ ಮೇಲೆ ಮತ್ತೆ ಫೋಟೋ ಕಳಿಸಿದೆ. ಬಂದದ್ದು: "ಇನ್ನೊಂದು ಚಮಚ ಕೊಟ್ಟು ನೋಡಿ ಮೇಡಂ, ಶಕ್ತಿ ಸಾಲ್ತಿಲ್ಲ." ಜೊತೆಗೆ ಕೈಮುಗಿಯೋ ಇಮೋಜಿ. ಪುಣ್ಯಕ್ಕೆ ಹಾಕಲಿಲ್ಲ. ಪುಣ್ಯ ನಂದಲ್ಲ, ಅಪ್ಪಂದು. ಅವತ್ತೇ ಊರಿಂದ ಬಂದಿದ್ದರು.

ಅಪ್ಪ ಗಿಡ ನೋಡಲೇ ಇಲ್ಲ, ಸೀದಾ ಪೊಟ್ಟಣ ತಗೊಂಡು ಮೂಸಿದರು. ಅಂಗೈಗೆ ನಾಲ್ಕು ಕಾಳು ಹಾಕಿಕೊಂಡು ಎಂಜಲು ಹಚ್ಚಿ ಉಜ್ಜಿದರು. ಹಸಿರು ಬಿಟ್ಟಿತು. "ಲೋಟದಲ್ಲಿ ಒಸಿ ನೀರು ಕೊಡವ್ವ" ಅಂದರು. ಒಂದು ಹಿಡಿ ಹಾಕಿ ಕಲಕಿದರು, ಕಾಳು ಮಾಯ. ನನ್ನ ಕೈ ಹಿಡಿದು ಲೋಟಕ್ಕೆ ಮುಟ್ಟಿಸಿದರು. ತಣ್ಣಗೆ, ಫ್ರಿಜ್‌ನಿಂದ ತೆಗೆದ ಹಾಗೆ. ಅಲ್ಲಿಗೂ ಬಿಡಲಿಲ್ಲ. ಹಳೇ ತವಾ ಕಾಯಿಸಿ ಅದರ ಮೇಲೆ ನಾಲ್ಕು ಕಾಳು ಉದುರಿಸಿದರು. ಕರಗಿ ನೀರಾಗಿ, ಹೊಗೆಯಾಡಿ, ಅದೇ ಬುಧವಾರದ ವಾಸನೆ ಬಂತು. ತವಾದಲ್ಲಿ ಉಳಿದದ್ದು ಒಂದು ಹಸಿರು ಕಲೆ.

"ಯೂರಿಯಾ ಕಣವ್ವ ಇದು. ಅದಕ್ಕೆ ಸವರೋ ಬೇವಿನೆಣ್ಣೆ ವಾಸ್ನೆನೂ ಅಂಗೇ ಅದೆ. ಎಷ್ಟು ಕೊಟ್ಟೆ?"

ಹೇಳಲಿಲ್ಲ. ಆಮೇಲೆ ಹೇಳಿದೆ. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. "ನಾವು ಮೂಟೆಗೆ 266 ರೂಪಾಯಿ ಕೊಟ್ಟು ತರ್ತೀವಲ್ಲ ಮಗಾ" ಅಂದರು ಅಷ್ಟೇ. 45 ಕೆಜಿ ಮೂಟೆ, 266 ರೂಪಾಯಿ 50 ಪೈಸೆ. ಕೆಜಿಗೆ ಆರು ರೂಪಾಯಿ. ನನ್ನ ಪೊಟ್ಟಣದಲ್ಲಿದ್ದದ್ದು ಅರವತ್ತು ಪೈಸೆಯ ಮಾಲು. ಅರವತ್ತು ಪೈಸೆ! ಅದಕ್ಕೂ ಅಪ್ಪ ಮಳೆಗಾಲದಲ್ಲಿ ಸೊಸೈಟಿ ಮುಂದೆ ಕ್ಯೂ ನಿಂತು, ಆಧಾರ್ ಕೊಟ್ಟು, ಹೆಬ್ಬೆಟ್ಟು ಒತ್ತಿ ತರಬೇಕು. ಇವನಿಗೆ ಬಿಲ್ ಕೊಡೋಕೆ ಮಷೀನ್ ಕೆಟ್ಟಿರುತ್ತೆ.

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ, ಬೇರೆ ಪೋಷಕ ಏನೂ ಇಲ್ಲ. ರಂಜಕ ಇಲ್ಲ, ಪೊಟ್ಯಾಶ್ ಇಲ್ಲ. ತುಂಬಿದ ಎರಡು ಚಮಚ ಅಂದ್ರೆ ಹತ್ತು ಗ್ರಾಂ ಹತ್ತಿರ, ನಾಲ್ಕೂವರೆ ಗ್ರಾಂ ಸಾರಜನಕ ಒಂದೇ ಸಲಕ್ಕೆ, ಎಂಟಿಂಚಿನ ಕುಂಡಕ್ಕೆ. ಮೂರೂ ಪೋಷಕ 19 ಪರ್ಸೆಂಟ್ ಇರೋ 19:19:19 ಪುಡಿ ಒಂದು ಗ್ರಾಂ ಲೀಟರ್ ನೀರಿಗೆ ಕಲಸಿ ಅರ್ಧ ಲೀಟರ್ ಹಾಕಿದ್ದರೆ ಹೋಗ್ತಿದ್ದದ್ದು 0.1 ಗ್ರಾಂ ಕೂಡ ಇಲ್ಲ. ಐವತ್ತು ಪಟ್ಟು ಹತ್ತಿರ ಸುರಿದಿದ್ದೀನಿ. ಗದ್ದೇಲಾದರೆ ಅಗಲ ಇರುತ್ತೆ, ನೀರು ಹರಿದು ಹೋಗುತ್ತೆ. ಕುಂಡದಲ್ಲಿ ಎಲ್ಲಿಗೆ ಹೋಗಬೇಕು ಅದು? ಕರಗಿದ ಗೊಬ್ಬರ ಬೇರಿಗೆ ಉಪ್ಪಿದ್ದ ಹಾಗೇ, ಅದು ಹೆಚ್ಚಾದ ಕಡೆ ಬೇರು ನೀರು ಎಳೆಯೋಕೆ ಆಗಲ್ಲ. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದ್ದು ಅದಕ್ಕೇ. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ಮಾವಿನಕಾಯಿ ನೀರು ಬಿಡುತ್ತಲ್ಲ, ಅದೇ ಕೆಲಸ.

ಇನ್ನೊಂದು ಹೊಟ್ಟೆ ಉರಿ ಕೇಳಿ. ಎಲೆ ಸೀಳೋದಕ್ಕೂ ಗೊಬ್ಬರದ ಪೊಟ್ಟಣಕ್ಕೂ ಅವನು ಹೇಳಿದಂಥ ನಂಟೇ ಇಲ್ಲ. ಮೆಕ್ಸಿಕೋ ದಕ್ಷಿಣ, ಮಧ್ಯ ಅಮೆರಿಕದ ಕಾಡಿನಲ್ಲಿ ಮರ ಹತ್ತೋ ಬಳ್ಳಿ ಇದು. ವಯಸ್ಸಾಗಬೇಕು, ಬೆಳಕು ಬೀಳಬೇಕು, ಹತ್ತೋಕೆ ಏನಾದರೂ ಆಸರೆ ಬೇಕು. ಎದುರು ಫ್ಲಾಟ್‌ನವರನ್ನ ಕೇಳಿದೆ, ಗೊಬ್ಬರ ಏನು ಹಾಕ್ತೀರ ಅಂತ. "ಅಯ್ಯೋ, ವರ್ಷಕ್ಕೆರಡು ಸಲ ಎರೆಹುಳು ಗೊಬ್ಬರ ಒಂದು ಹಿಡಿ" ಅಂದರು. ಅವರ ಕಿಟಕಿ ಪೂರ್ವಕ್ಕಿದೆ. ನಂದು ಟಿವಿ ಪಕ್ಕದ ಮೂಲೆ.

ಇಷ್ಟೆಲ್ಲಾ ತಿಳ್ಕೊಂಡು ಅವನಿಗೆ ಫೋನ್ ಮಾಡಿದೆ. ಇದು ಯೂರಿಯಾ ಅಂದೆ. ಒಂದು ನಿಮಿಷ ಸುಮ್ಮನಿದ್ದ. "ಯಾರು ಹೇಳಿದ್ದು ಮೇಡಂ?" ನಮ್ಮಪ್ಪ, ರೈತರು ಅಂದೆ. "ರೈತರಿಗೆ ಇಂಡೋರ್ ಪ್ಲಾಂಟ್ ಬಗ್ಗೆ ಏನ್ ಗೊತ್ತಿರುತ್ತೆ ಮೇಡಂ?" ಈ ಮಾತು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ದರು, ಸ್ಪೀಕರ್ ಆನ್ ಇತ್ತು. ಕೊನೆಗೆ "ನೂರು ಜನ ತಗೊಂಡಿದ್ದಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದು ಇಟ್ಟ. ಸಂಜೆ ನೋಡಿದರೆ ಡಿಪಿ ಮಾಯ, ಬ್ಲಾಕ್. 1915ಕ್ಕೆ, ಗ್ರಾಹಕ ಸಹಾಯವಾಣಿಗೆ ಮಾಡಿದೆ. ಬಿಲ್ ಇದೆಯಾ ಅಂದರು. ಏನು ಹೇಳಲಿ.

ಗಿಡದ ಕಥೆ ಬೇಗ ಮುಗಿಸ್ತೀನಿ. ಬಚ್ಚಲಲ್ಲಿ ಇಟ್ಟು ಕೆಳಗಿನ ತೂತಿಂದ ಹರಿದು ಹೋಗೋ ಹಾಗೆ ಬಕೆಟ್ ಬಕೆಟ್ ನೀರು ಸುರಿದೆವು. ಆಮೇಲೆ ಬಿಚ್ಚಿ ನೋಡಿದರೆ ಅರ್ಧ ಬೇರು ಕಂದು, ಮುಟ್ಟಿದರೆ ಸಿಪ್ಪೆ ಕಳಚಿ ಬರ್ತಿತ್ತು. ಕತ್ತರಿಸಿ ಹೊಸ ಮಣ್ಣಿಗೆ ಹಾಕಿದ್ದೀವಿ. ಮೂರೆಲೆ ಉಳಿದಿದೆ. ಸುಟ್ಟ ಅಂಚು ಮತ್ತೆ ಹಸಿರಾಗಲ್ಲ.

ನೀವು ತಗೊಳ್ಳೋದಿದ್ದರೆ ಎನ್‌ಪಿಕೆ ಸಂಖ್ಯೆ, ತಯಾರಿಸಿದವರ ಹೆಸರು, ವಿಳಾಸ ಇಲ್ಲದ ಪೊಟ್ಟಣ ಮುಟ್ಟಬೇಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅವೆಲ್ಲಾ ಕವರ್ ಮೇಲೆ ಇರಲೇಬೇಕು. ಸ್ಲೋ ರಿಲೀಸ್ ಅಂದ್ರೆ ನಾಲ್ಕು ಕಾಳು ನೀರಿಗೆ ಹಾಕಿ ನೋಡಿ. ನಿಜವಾದದ್ದು ಮೇಲೆ ಸಿಪ್ಪೆ ಇದ್ದು ಹಾಗೇ ಕೂತಿರುತ್ತೆ, ನಿಮಿಷದಲ್ಲಿ ಕರಗಲ್ಲ. ಗೊತ್ತಾಗದಿದ್ದರೆ ಎರೆಹುಳು ಗೊಬ್ಬರ ಒಂದು ಹಿಡಿ ಹಾಕಿ ಸುಮ್ಮನಿರಿ. ಬಾಡಿರೋ ಗಿಡಕ್ಕಂತೂ ಯಾವ ಗೊಬ್ಬರನೂ ಬೇಡ, ಯಾರು ಎಷ್ಟು ಸಲ ಕೈಮುಗಿದು ಹೇಳಿದರೂ.

ನಿನ್ನೆ ರಾತ್ರಿ ನಮ್ಮನೆಯವರ ಫೋನಿಂದ ಅವನ ಸ್ಟೇಟಸ್ ನೋಡಿದೆ. 'ಮಾನ್‌ಸ್ಟೆರಾ ಸ್ಪೆಷಲ್, ಹೊಸ ಸ್ಟಾಕ್ ಬಂದಿದೆ, ಬೇಗ ಬುಕ್ ಮಾಡಿ.' ಬೆಲೆ ಈಗ 499. ಕಾಳಿನ ಬಣ್ಣ ಈ ಸಲ ನೀಲಿ.