ಓ0, ಓಜಿ, ಓ2, ಓ3: ಕಾಟಾ ಪ್ರೋಗ್ರಾಮಿನ ಮ್ಯಾಲ ಹಾಕಿ ನೋಡಿದ್ದು

ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನ ಕಾಟಾ ಪ್ರೋಗ್ರಾಮ್ ನನ್ನ ಕೈಗೆ ಬಂದೈತಿ, ಸಿ ಒಳಗ ಬರದದ್ದು, ಹಿಂದ ಯಾರೋ ಬರದು ಬಿಟ್ಟು ಹೋಗ್ಯಾರ. ಕೆಲಸ ದೊಡ್ಡದೇನಲ್ಲ, ಭತ್ತದ ಲಾರಿ ಕಾಟಾದ ಮ್ಯಾಲ ನಿಂತ ಕೂಡ್ಲೇ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ಲಿನ್ಯಾಗ ತೂಕ ಬರತೈತಿ, ಅದನ್ನ ಓದಿ ಗ್ರಾಸ್ (ತುಂಬಿದ ಲಾರಿ ತೂಕ), ಟೇರ್ (ಖಾಲಿ ಲಾರಿ ತೂಕ), ನೆಟ್ (ಎರಡರ ನಡುವಿನ ಫರಕ್) ಹಾಕಿ ಚೀಟಿ ಪ್ರಿಂಟ್ ಮಾಡಬೇಕು, ನೆಟ್‌ನ 75 ಕೆಜಿ ಚೀಲದ ಲೆಕ್ಕಕ್ಕ ತಿರುಗಿಸಬೇಕು, ಅಷ್ಟ. ಜಿಸಿಸಿ ಅಂದ್ರ ಸಿ ಕೋಡನ್ನ ಓಡೋ ಬೈನರಿ ಮಾಡೋ ಕಂಪೈಲರ್, ಫ್ಲ್ಯಾಗ್ ಅಂದ್ರ ಅದಕ್ಕ ಕೊಡೋ ಸೂಚನಾ. ಈ ಒಂದ ಪ್ರೋಗ್ರಾಮಿನ ಮ್ಯಾಲ ಜಿಸಿಸಿ ಫ್ಲ್ಯಾಗ್ ಒಂದೊಂದ ಹಾಕಿ ನೋಡೀನಿ, ಕೆಲವನ್ನ ಕ್ಲಾಂಗ್ ಅನ್ನೋ ಇನ್ನೊಂದು ಕಂಪೈಲರ್ ಒಳಗೂ ನೋಡೀನಿ, ಯಾವುದು ಕೆಲಸಕ್ಕ ಬಂತು ಯಾವುದು ಸುಮ್ನ ಅಂತ ಇಲ್ಲಿ ಬರೀತೀನಿ. ಫ್ಲ್ಯಾಗ್ ಹೆಸರಿನ ಮುಂದಿನ ಮೈನಸ್ ನೀವ ಹಾಕ್ಕೊಳ್ರಿ.

ಕಾಲೇಜಿನ್ಯಾಗ ಹೇಳಿಕೊಡೋವಾಗ ಮೂರು ಬ್ಯಾರೆ ಬ್ಯಾರೆ ಡಬ್ಬಿ ಮಾಡಿ ಹೇಳ್ತಾರ, ಡಿಬಗ್ಗಿಗೆ (ತಪ್ಪು ಹುಡುಕಾಕ) ಜಿ, ಸ್ಪೀಡಿಗೆ (ಆಪ್ಟಿಮೈಸೇಶನ್) ಓ, ವಾರ್ನಿಂಗಿಗೆ ಡಬ್ಲ್ಯೂ. ಇವು ಬ್ಯಾರೆ ಬ್ಯಾರೆ ಅಲ್ರಿ. ಓ ಹಾಕದಿದ್ರ ಕೆಲವು ವಾರ್ನಿಂಗ್ ಬರಂಗೇ ಇಲ್ಲ, ಓ ಹಾಕಿದ್ರ ಮಾತ್ರ ಕೆಲವು ಬಗ್ ಹೊರಗ ಬೀಳ್ತಾವು. ಅದಕ್ಕ ಬರೇ ಓ2 ಮತ್ತ ಓ3 ಎದುರಾಬದರು ಇಟ್ಟು ಯಾವುದು ಫಾಸ್ಟ್ ಅಂತ ಕೇಳೋದ್ರಾಗ ಅರ್ಥ ಇಲ್ಲ.

ಮೊದಲ ಓ0 ಮತ್ತ ಓ2. ಏನೂ ಹಾಕದಿದ್ರ ಜಿಸಿಸಿ ತಗೊಳ್ಳೋದು ಓ0, ಅಂದ್ರ ಓ ಸೊನ್ನೆ, ಆಪ್ಟಿಮೈಸೇಶನ್ ಇಲ್ಲ. ಹಳೇ ಮೇಕ್‌ಫೈಲಿನ್ಯಾಗ (ಬಿಲ್ಡ್ ಹೆಂಗ ಮಾಡಬೇಕಂತ ಬರದಿಟ್ಟ ಫೈಲು) ಓ ಅನ್ನೋದ ಇರಲಿಲ್ಲ, ವರ್ಷಗಟ್ಟಲೆ ಹಂಗ ನಡದೈತಿ. ನಾ ಓ2 ಹಾಕಿ ಉಬುಂಟು ಲಿನಕ್ಸ್‌ದಾಗ ಬಿಲ್ಡ್ ಮಾಡಿ ಕೊಟ್ಟೆ, ಕೆಲವು ಲಾರಿಗೆ ಬರೋಬರಿ ಚೀಟಿ ಬರತೈತಿ, ಕೆಲವಕ್ಕ ನಂಬರ್ ಹೊಡದ ಕೂಡ್ಲೇ "ಬಫರ್ ಓವರ್‌ಫ್ಲೋ ಡಿಟೆಕ್ಟೆಡ್" ಅಂತ ಬಂದು ಪ್ರೋಗ್ರಾಮ್ ಸಾಯ್ತೈತಿ. ಗುಮಾಸ್ತ ಕಾಕಾ ಫೋನ್ ಮಾಡಿದ್ರು, "ಏನ್ರೀ ಸರ, ಹೊಸಾದು ಹಾಕಿದ ಮ್ಯಾಲ ಬಂದ್ ಬೀಳಾಕತ್ತೈತಿ, ಲಾರಿ ಲೈನ್ ಹಚ್ಯಾವು, ಹಳೇದ ಹಾಕಿ ಕೊಟ್ಟುಬಿಡ್ರಿ." "ಕಾಕಾ, ಯಾವ ಲಾರಿಗೆ ಬೀಳ್ತೈತಿ ಅಷ್ಟು ನೋಡಿ ಹೇಳ್ರಿ" ಅಂದೆ.

ಅವರು ಹೇಳಿದ ನಂಬರ್ ಎಲ್ಲಾ ಎರಡಕ್ಷರದ ಸೀರೀಸ್. ಕೆಎ 37 ಆದಮ್ಯಾಲ ಒಂದ ಅಕ್ಷರ ಇದ್ದು ನಾಕು ಅಂಕಿ ಇದ್ರ ಒಟ್ಟು 9 ಕ್ಯಾರೆಕ್ಟರ್, ಎರಡಕ್ಷರ ಇದ್ರ 10. ಕೋಡಿನ್ಯಾಗ ನಂಬರಿಗೆ ಇಟ್ಟದ್ದು 10 ಬೈಟಿನ ಕ್ಯಾರ್ ಅರೇ (ಅಕ್ಷರ ಸಾಲಾಗಿ ಇಡೋ ಜಾಗ). ಸ್ಟ್ರಿಂಗ್ ಕೊನಿಗೆ ಸೊನ್ನೆ ಬೈಟ್ ಒಂದು ಬೇಕಲ್ಲ, ಅದು ಹನ್ನೊಂದನೇದು, ಸ್ಟ್ರಿಂಗ್ ಕಾಪಿ ಮಾಡೋ ಸ್ಟ್ರ್‌ಕಾಪಿ ಫಂಕ್ಷನ್ ಅದನ್ನ ಅರೇ ದಾಟಿ ಹೊರಗ ಬರೀತೈತಿ.

ಈ ಒಂದ ಬೈಟಿನ ಬಗ್ ಮ್ಯಾಲ ಎಲ್ಲಾ ಫ್ಲ್ಯಾಗಿನ ಬಂಡವಾಳ ಗೊತ್ತಾತು, ಅದಕ್ಕ ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ. ಓ0 ಒಳಗ ಏನೂ ಆಗಂಗಿಲ್ಲ, ಚೀಟಿ ಬರತೈತಿ. ಹಂಗಾದ್ರ ಉಬುಂಟುದಾಗ ಸ್ಟ್ಯಾಕ್ ಪ್ರೊಟೆಕ್ಟರ್ ಡಿಫಾಲ್ಟ್ ಇರತೈತಲ್ಲ, ಅದ್ಯಾಕ ಹಿಡೀಲಿಲ್ಲ? ಅರೇ ಪಕ್ಕದಾಗ ಅದು ಒಂದು ಕಾವಲು ನಂಬರ್ ಇಡತೈತಿ, ಕ್ಯಾನರಿ ಅಂತಾರ, ಫಂಕ್ಷನ್ ಮುಗಿಯೋ ಹೊತ್ತಿಗೆ ಆ ನಂಬರ್ ಬದಲಾಗಿತ್ತಂದ್ರ ಪ್ರೋಗ್ರಾಮ್ ನಿಲ್ಲಸ್ತೈತಿ. ಆದ್ರ ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿ ಒಳಗ ಆ ಕ್ಯಾನರಿಯ ಮೊದಲನೇ ಬೈಟೇ ಸೊನ್ನೆ, ಬೇಕಂತ ಹಂಗ ಇಟ್ಟಾರ, ಸ್ಟ್ರಿಂಗ್ ಓದೋ ಫಂಕ್ಷನ್‌ಗಳು ಅಲ್ಲೇ ನಿಲ್ಲಲಿ ಅಂತ. ನಮ್ಮ ಬಗ್ ಬರದದ್ದೂ ಸೊನ್ನೆನ, ಸೊನ್ನೆ ಮ್ಯಾಲ ಸೊನ್ನೆ ಬಿದ್ರ ಬದಲಾಗೋದೇನೈತಿ.

ಓ2 ಒಳಗ ಹಿಡದದ್ದು ಬ್ಯಾರೇದು, ಫೋರ್ಟಿಫೈ ಸೋರ್ಸ್. ಇದು ಉಬುಂಟು ಜಿಸಿಸಿ ಒಳಗ ತಾನ ಆನ್ ಆಗತೈತಿ, ಆದ್ರ ಆಪ್ಟಿಮೈಸೇಶನ್ ಇದ್ರ ಮಾತ್ರ. ಸ್ಟ್ರ್‌ಕಾಪಿ ಜಾಗದಾಗ ಅಳತಿ ನೋಡಿ ಕಾಪಿ ಮಾಡೋ ಇನ್ನೊಂದು ಫಂಕ್ಷನ್ ಕೂಡಸ್ತೈತಿ, 10 ದಾಟಿದ್ರ ಅಲ್ಲೇ ನಿಲ್ಲಸ್ತೈತಿ. ಅದಕ್ಕ "ಓ2 ಹಾಕಿದ್ರ ಕೋಡ್ ಕೆಡತೈತಿ, ಓ0 ಇಡ್ರಿ" ಅಂತ ಯಾರರ ಅಂದ್ರ ನಂಬಬ್ಯಾಡ್ರಿ, ಭಾಳ ಸಲ ಕೋಡ್ ಮೊದಲ ಕೆಟ್ಟಿರತೈತಿ, ಓ2 ಬರೇ ಹೇಳತೈತಿ.

ಆದ್ರ ಫೋರ್ಟಿಫೈ ಯಾವ ಲೈನ್ ಅಂತ ಹೇಳಂಗಿಲ್ಲ, ಬರೇ ಸಾಯ್ತೈತಿ. ಲೈನ್ ಬೇಕಂದ್ರ ಅಡ್ರೆಸ್ ಸ್ಯಾನಿಟೈಜರ್, ಓಡೋವಾಗ ಮೆಮೊರಿ ಗಡಿ ಕಾಯೋದು, ಫ್ಲ್ಯಾಗ್ ಎಫ್‌ಸ್ಯಾನಿಟೈಜ್ ಈಕ್ವಲ್ ಅಡ್ರೆಸ್. ಜೊತಿಗೆ ಜಿ ಹಾಕಿದ್ರ ಸ್ಟ್ಯಾಕ್ ಬಫರ್ ಓವರ್‌ಫ್ಲೋ, ಈ ಫೈಲು, ಈ ಲೈನು, ಈ ವೇರಿಯಬಲ್ಲು, ಎಷ್ಟು ಬೈಟ್ ಬರದೈತಿ ಅಂತ ಎಲ್ಲಾ ಬರತೈತಿ. ಇದಕ್ಕ ಎದುರು ಬೈನರಿ ಓಡಿಸಿ ಮೆಮೊರಿ ತಪ್ಪು ಹುಡುಕೋ ವಾಲ್‌ಗ್ರೈಂಡ್ ಇಟ್ಟು ನೋಡಿದೆ, ಅದು ಈ ಬಗ್ ಕಾಣ್ಲೇ ಇಲ್ಲ, ಯಾಕಂದ್ರ ಅದರ ಮೆಮ್‌ಚೆಕ್ ಓಡೋವಾಗ ಮ್ಯಾಲೋಕ್‌ದಿಂದ ಕೇಳಿ ತಗೊಂಡ ಜಾಗದ ಗಡಿ ಕಾಯ್ತೈತಿ, ಸ್ಟ್ಯಾಕ್ ಮ್ಯಾಲಿನ, ಅಂದ್ರ ಫಂಕ್ಷನ್ ಒಳಗಿನ, ಅರೇ ಗಡಿ ಅದಕ್ಕ ಗೊತ್ತಿಲ್ಲ. ಮ್ಯಾಲ ನಿಧಾನ ಬ್ಯಾರೆ, ವಾಲ್‌ಗ್ರೈಂಡ್ ಒಳಗ ಪ್ರೋಗ್ರಾಮ್ 10ರಿಂದ 30 ಪಟ್ಟು ನಿಧಾನ ಆಗತೈತಿ, ಅಡ್ರೆಸ್ ಸ್ಯಾನಿಟೈಜರ್‌ದಾಗ ಸುಮಾರು 2 ಪಟ್ಟು. ವಾಲ್‌ಗ್ರೈಂಡಿಗೆ ಒಂದು ಅನುಕೂಲ ಐತಿ, ಮತ್ತ ಕಂಪೈಲ್ ಮಾಡೋದು ಬೇಕಿಲ್ಲ, ಸೋರ್ಸ್ ಇಲ್ಲದ ಬೈನರಿ ಸಿಕ್ಕ್ರೂ ಓಡಸಬಹುದು. ಸೋರ್ಸ್ ಕೈಯಾಗಿದ್ರ ಸ್ಯಾನಿಟೈಜರ್‌ನ ತಗೊಳ್ರಿ, ಹಾಕೋವಾಗ ಫೋರ್ಟಿಫೈ ತಗದು ಹಾಕ್ರಿ, ಎರಡೂ ಕೂಡಿದ್ರ ಸ್ಯಾನಿಟೈಜರಿಗೆ ಸಿಗಬೇಕಾದದ್ದು ಸಿಗಂಗಿಲ್ಲ. ಮಿಲ್ಲಿಗೆ ಕಳಿಸೋ ಬೈನರಿದಾಗ ಮಾತ್ರ ಸ್ಯಾನಿಟೈಜರ್ ಬ್ಯಾಡ, ಮೆಮೊರಿ ಭಾಳ ತಿಂತೈತಿ.

ಇನ್ನೊಂದು ಬಗ್ಗಿಗೆ ಇವ್ಯಾವೂ ಬರಲಿಲ್ಲ. ಸೀರಿಯಲ್ ಓದಾಕ ಒಂದು ಥ್ರೆಡ್ಡು (ಪ್ರೋಗ್ರಾಮಿನ್ಯಾಗ ಜೊತಿಜೊತಿಗೆ ಓಡೋ ಕೆಲಸ), ಚೀಟಿ ಮಾಡಾಕ ಇನ್ನೊಂದು. ತೂಕ ಬಂದೈತಿ ಅಂತ ಹೇಳಾಕ ರೆಡಿ ಅಂತ ಒಂದು ಸಾದಾ ಇಂಟ್ (ಪೂರ್ಣಾಂಕದ ವೇರಿಯಬಲ್), ಎರಡನೇ ಥ್ರೆಡ್ ಖಾಲಿ ವೈಲ್ ಲೂಪ್‌ದಾಗ ಅದು ಒಂದು ಆಗೋತನಕ ಕಾಯ್ತೈತಿ. ಓ0 ಒಳಗ ಪ್ರತಿ ಸಲ ಮೆಮೊರಿಯಿಂದ ಓದತೈತಿ, ನಡೀತೈತಿ. ಓ2 ಒಳಗ ಕಂಪೈಲರ್ ನೋಡತೈತಿ, ಈ ಲೂಪಿನ್ಯಾಗ ಯಾರೂ ರೆಡಿಗೆ ಕೈ ಹಚ್ಚಂಗಿಲ್ಲಲ್ಲ, ಮತ್ತ ಮತ್ತ ಯಾಕ ಓದಲಿ ಅಂತ ಒಂದ ಸಲ ಓದಿ ಬಿಡತೈತಿ, ಆಗ ರೆಡಿ ಒಂದು ಆಗಿರಲಿಲ್ಲಂದ್ರ ಆಮ್ಯಾಲ ಕಾಟಾ ಎಷ್ಟು ತೂಕ ಕಳಿಸಿದ್ರೂ ಪ್ರೋಗ್ರಾಮ್ ಅಲ್ಲೇ ಸುತ್ತತೈತಿ. ಕಂಪೈಲರಿಂದೇನೂ ತಪ್ಪಿಲ್ಲ, ಎರಡು ಥ್ರೆಡ್ ನಡುವ ಸಾದಾ ಇಂಟ್ ಹಂಚ್ಕೊಂಡ್ರ ಸಿ ಸ್ಟ್ಯಾಂಡರ್ಡ್ ಪ್ರಕಾರ ಅದು ಡೇಟಾ ರೇಸ್, ಒಂದು ಬರಿಯೋ ಹೊತ್ತಿಗೆ ಇನ್ನೊಂದು ಕಾವಲಿಲ್ಲದ ಓದೋದು. ವೋಲಟೈಲ್ (ಪ್ರತಿ ಸಲ ಮೆಮೊರಿಯಿಂದನ ಓದು ಅನ್ನೋದು) ಹಾಕಿದ್ರ ಲೂಪ್ ನಡೀತೈತಿ ಖರೆ, ಆದ್ರ ಥ್ರೆಡ್ಡಿಗೆ ಅದು ಮದ್ದಲ್ಲ, ಥ್ರೆಡ್ ನಡುವ ಹಂಚ್ಕೊಳ್ಳಾಕಂತನ ಇರೋ ಅಟಾಮಿಕ್ ಬೇಕು, 2011ರ ಸ್ಟ್ಯಾಂಡರ್ಡ್ ಸಿ11ರಿಂದ ಭಾಷೆದಾಗ ಐತಿ. ಇದನ್ನ ಹಿಡಿಯೋದು ಥ್ರೆಡ್ ಸ್ಯಾನಿಟೈಜರ್, ಅಡ್ರೆಸ್ ಸ್ಯಾನಿಟೈಜರ್ ಜೊತಿ ಒಂದ ಬಿಲ್ಡಿನ್ಯಾಗ ಹಾಕಾಕ ಬರಂಗಿಲ್ಲ, ಎರಡು ಬಿಲ್ಡ್ ಮಾಡ್ಕೋಬೇಕು. ಖಾಲಿ ಫಾರ್ ಲೂಪ್ ಹಾಕಿ ಡಿಲೇ ಮಾಡೋ ಹಳೇ ಚಟಾನೂ ಹಂಗ, ಓ2 ಅದನ್ನ ಪೂರಾ ಅಳಿಸಿ ಬಿಡತೈತಿ. ಹಳೇ ಟರ್ಬೋ ಸಿ ಕಂಪೈಲರಿನ ನೀಲಿ ಸ್ಕ್ರೀನಿನ್ಯಾಗ ಕಲತ ಹುಡುಗ್ರು ಇದನ್ನ ಈಗೂ ಬರೀತಾರ, ಹೆಡರ್ ಫೈಲ್ ಹಾಕದ ಫಂಕ್ಷನ್ ಕರೀತಾರ, 2024ರಾಗ ಬಂದ ಜಿಸಿಸಿ 14 ಅದನ್ನ ವಾರ್ನಿಂಗ್‌ನಿಂದ ಎರರ್ ಮಾಡಿಬಿಟ್ಟಿತು, ಚಲೋ ಆತು.

ಓಜಿ ಬಗ್ಗೆ ಭಾಳ ಹೊಗಳ್ತಾರ. 2013ರಾಗ ಜಿಸಿಸಿ 4.8 ಜೊತಿ ಬಂದದ್ದು, ಅಡ್ರೆಸ್ ಸ್ಯಾನಿಟೈಜರ್‌ನೂ ಜಿಸಿಸಿಗೆ ಅದ ವರ್ಷನ್‌ದಾಗ ಬಂತು. ಡಿಬಗ್ಗರ್ ಕೆಡದಷ್ಟು ಮಾತ್ರ ಆಪ್ಟಿಮೈಸ್ ಮಾಡ್ತೈತಿ ಅನ್ನೋದು ಲೆಕ್ಕ. ಜಿಡಿಬಿ ಅನ್ನೋ ಡಿಬಗ್ಗರ್ ಒಳಗ ಓ2ಕ್ಕಿಂತ ಆರಾಮ ಐತಿ, ಸಾಲು ಅಷ್ಟು ಜಿಗ್ಯಂಗಿಲ್ಲ, ಆದ್ರೂ "ಆಪ್ಟಿಮೈಸ್ಡ್ ಔಟ್" (ಬೆಲೆ ತೋರ್ಸಾಕ ಬರಂಗಿಲ್ಲ) ಅನ್ನೋದು ಪೂರಾ ಹೋಗಿಲ್ಲ, ನಾ ನೋಡಬೇಕಂದ ವೇರಿಯಬಲ್ಲೇ ಹಂಗ ಬರತಿತ್ತು. ಕ್ಲಾಂಗ್ ಒಳಗಂತೂ ಭಾಳ ವರ್ಷ ಓಜಿ ಅಂದ್ರ ಓ1ಕ್ಕ ಇಟ್ಟ ಇನ್ನೊಂದು ಹೆಸರ ಆಗಿತ್ತು. ಒಂದೊಂದ ಸಾಲು ಹೆಜ್ಜಿ ಹಾಕಿ ನೋಡಬೇಕಂದ್ರ ನಾ ಓ0ಕ್ಕ ಹೋಗ್ತೀನಿ, ಮಿಲ್ಲಿನ್ಯಾಗ ಬಿದ್ದದ್ದನ್ನ ಹುಡುಕಬೇಕಂದ್ರ ಮಿಲ್ಲಿನ್ಯಾಗ ಓಡೋ ಓ2ನ ಬೇಕು, ನಡುವಿಂದಕ್ಕ ನನಗ ಜಾಗ ಸಿಗಲಿಲ್ಲ.

ಜಿ ಮತ್ತ ಓ2 ಕೂಡಿ ಹಾಕಬಾರದು ಅಂತ ಭಾಳ ಮಂದಿ ತಿಳಕೊಂಡಾರ. ಹಾಕಬಹುದು, ಜಿಸಿಸಿ ಅದಕ್ಕಂತನ ಐತಿ, ಜಿ ಹಾಕಿದ್ರ ಓಡೋ ಕೋಡ್ ಬದಲಾಗಂಗಿಲ್ಲ, ಫೈಲ್ ಸೈಜ್ ಹೆಚ್ಚಾಗತೈತಿ ಅಷ್ಟ, ಅದೂ ಡಿಸ್ಕಿನ ಮ್ಯಾಲ, ಓಡೋವಾಗ ಆ ಡಿಬಗ್ ಭಾಗ ಮೆಮೊರಿಗೆ ಬರಂಗಿಲ್ಲ. ನಾ ಓ2 ಜಿ ಹಾಕಿ ಬಿಲ್ಡ್ ಮಾಡಿ, ಡಿಬಗ್ ಭಾಗ ಆಬ್ಜ್‌ಕಾಪಿ ಅನ್ನೋ ಟೂಲಿಂದ ಬ್ಯಾರೆ ಫೈಲ್ ಮಾಡಿ ನನ್ನ ಹತ್ರ ಇಟ್ಕೊಂಡು, ಆ ಭಾಗ ತಗದದ್ದು (ಸ್ಟ್ರಿಪ್ ಮಾಡಿದ್ದು) ಮಿಲ್ಲಿಗೆ ಕೊಡ್ತೀನಿ. ಅಲ್ಲಿಂದ ಕೋರ್ ಫೈಲ್ (ಪ್ರೋಗ್ರಾಮ್ ಸತ್ತಾಗಿನ ಮೆಮೊರಿ ನಕಲು) ಬಂದ್ರ ಮನ್ಯಾಗ ಕೂತು ಲೈನ್ ನಂಬರ್ ಸಮೇತ ನೋಡಬಹುದು, ಬ್ಯಾಸಗ್ಯಾಗ ಆ ಬಿಸಲಿನ್ಯಾಗ ಗಾಡಿ ಹತ್ತಿ ಮಿಲ್ಲಿಗೆ ಹೋಗೋದು ತಪ್ಪತೈತಿ. ಜಿ3 ಹಾಕಿದ್ರ ಮ್ಯಾಕ್ರೋ (ಡಿಫೈನ್ ಮಾಡಿದ ಹೆಸರು) ಸುದ್ದಾ ಡಿಬಗ್ಗರ್‌ದಾಗ ಕಾಣ್ತಾವು, ಈ ಹಳೇ ಕೋಡಿನ್ಯಾಗ ಮ್ಯಾಕ್ರೋ ಭಾಳ ಇದ್ದದ್ದಕ್ಕ ನನಗ ಉಪಯೋಗ ಆತು, ನಿಮ್ಮ ಕೋಡಿನ್ಯಾಗ ಇಲ್ಲಂದ್ರ ಜಿ ಸಾಕು.

ಇನ್ನ ವಾರ್ನಿಂಗ್. ಡಬ್ಲ್ಯೂ-ಆಲ್ ಹಾಕಿದ್ರ ಎಲ್ಲಾ ಬಂತು ಅಂತಲ್ಲ, ಡಬ್ಲ್ಯೂ-ಎಕ್ಸ್‌ಟ್ರಾ ಬ್ಯಾರೆ ಹಾಕಬೇಕು. ನಮ್ಮ ಪ್ರೋಗ್ರಾಮಿನ್ಯಾಗ ತೂಕ ಎಲ್ಲಾ ಅನ್‌ಸೈನ್ಡ್, ಅಂದ್ರ ಮೈನಸ್ ಇಲ್ಲದ ನಂಬರ್. ಭತ್ತ ಇಳಸೋ ಲಾರಿ ಮೊದಲ ತುಂಬಿ ಬರತೈತಿ, ಆಮ್ಯಾಲ ಖಾಲಿ. ಅಕ್ಕಿ ಒಯ್ಯೋ ಲಾರಿ ಉಲ್ಟಾ, ಮೊದಲ ಖಾಲಿ 7000 ಕೆಜಿ ಅನ್ನಿ, ಆಮ್ಯಾಲ ತುಂಬಿ 16000. ಪ್ರೋಗ್ರಾಮ್ ಮೊದಲಿಂದ ಗ್ರಾಸ್ ಅಂತ ತಿಳದು ಕಳೀತೈತಿ, ಮೈನಸ್ 9000 ಬರಬೇಕಾದಲ್ಲಿ 4294958296 ಬರತೈತಿ, 429 ಕೋಟಿ ಚಿಲ್ಲರೆ ಕೆಜಿ ಅಕ್ಕಿ. ಬರದವರು ಇದಕ್ಕ ಚೆಕ್ ಹಾಕಿದ್ರು, ನೆಟ್ ಸೊನ್ನೆಗಿಂತ ಕಡಿಮಿ ಇದ್ರ ಎರಡೂ ಅದಲು ಬದಲು ಮಾಡು ಅಂತ, ಆದ್ರ ಅನ್‌ಸೈನ್ಡ್ ಯಾವತ್ತೂ ಸೊನ್ನೆಗಿಂತ ಕಡಿಮಿ ಆಗಂಗಿಲ್ಲಲ್ಲ. ಡಬ್ಲ್ಯೂ-ಆಲ್ ಸುಮ್ನ ಕುಂತಿತ್ತು, ಎಕ್ಸ್‌ಟ್ರಾ ಹಾಕಿದ ಕೂಡ್ಲೇ ಈ ಹೋಲಿಕೆ ಯಾವಾಗ್ಲೂ ಸುಳ್ಳು ಅಂತ ಹೇಳ್ತು. ಇದಕ್ಕ ಓ2 ಬೇಕಿಲ್ಲ, ಓ0 ಒಳಗೂ ಬರತೈತಿ.

ಓ2 ಬೇಕಾಗೋದು ಮೇಬಿ-ಅನ್‌ಇನಿಶಿಯಲೈಸ್ಡ್ (ಬೆಲೆ ತುಂಬದೇ ಓದಿರಬಹುದು) ಅನ್ನೋದಕ್ಕ. ಟೇರ್ ಬೆಲೆ ಸ್ವಿಚ್ ಒಳಗ ಎರಡು ಕೇಸಿನ್ಯಾಗ ಮಾತ್ರ ತುಂಬಿದ್ರು, ಮೂರನೇ ಕೇಸಿಗೆ ಕಸ ಬರತಿತ್ತು. ಈ ವಾರ್ನಿಂಗ್ ಡಬ್ಲ್ಯೂ-ಆಲ್ ಒಳಗ ಐತಿ, ಆದ್ರ ಓ0 ಇದ್ರ ಬರಂಗಿಲ್ಲ, ಯಾವ ದಾರಿಯಿಂದ ಬಂದ್ರ ಯಾವ ಬೆಲೆ ಇರತೈತಿ ಅಂತ ಕಂಪೈಲರ್ ಲೆಕ್ಕ ಹಾಕೋದೇ ಆಪ್ಟಿಮೈಸ್ ಮಾಡೋವಾಗ. ಅದಕ್ಕ ಡಿಬಗ್ ಬಿಲ್ಡಿನ್ಯಾಗ ವಾರ್ನಿಂಗ್ ಇಲ್ಲ ಅಂತ ಖುಷಿ ಪಟ್ಟವರು ಓ2 ಒಳಗ ಒಂದ ಸಲ ನೋಡ್ರಿ. ಸುಳ್ಳು ಕೂಗೋದೂ ಐತಿ ಇದು, ಲಿನಕ್ಸ್ ಕರ್ನಲ್‌ದಾಗ 2020ರಾಗ ಲಿನಕ್ಸ್ ಮಾಡಿದ ಟೊರ್ವಾಲ್ಡ್ಸ್ ಬ್ಯಾಸತ್ತು ಇದನ್ನ ಬಂದ್ ಮಾಡಿದ್ರು. ಸಣ್ಣ ಪ್ರೋಗ್ರಾಮಿನ್ಯಾಗ ಅಷ್ಟು ಕಾಟ ಇಲ್ಲ. ಒಳಗಿನ ವೇರಿಯಬಲ್ ಹೊರಗಿಂದರ ಹೆಸರ ತಗೊಂಡ್ರ ಹೇಳೋ ಡಬ್ಲ್ಯೂ-ಶ್ಯಾಡೋ ಆಲ್, ಎಕ್ಸ್‌ಟ್ರಾ ಎರಡರಾಗೂ ಇಲ್ಲ, ಬ್ಯಾರೆ ಹಾಕ್ರಿ. ಟೈಪ್ ಬದಲಾಗೋವಾಗ ಬೆಲೆ ಕೆಡಬಹುದು ಅಂತ ಹೇಳೋ ಡಬ್ಲ್ಯೂ-ಕನ್ವರ್ಶನ್ ಹಳೇ ಕೋಡಿಗೆ ಹಾಕಿದ್ರ ಸ್ಕ್ರೀನ್ ತುಂಬತೈತಿ, ಹೊಸಾದು ಬರಿಯೋವಾಗ ಮೊದಲಿಂದ ಹಾಕ್ರಿ. ಕ್ಲಾಂಗಿನ ಡಬ್ಲ್ಯೂ-ಎವ್ರಿಥಿಂಗ್ ದಿನಾ ಹಾಕೋದಲ್ಲ, ಏನೇನು ಅದಾವು ಅಂತ ಒಮ್ಮೆ ನೋಡಾಕ ಅಷ್ಟ.

ಓ3, ಮಾರ್ಚ್ ನೇಟಿವ್ (ಬಿಲ್ಡ್ ಮಾಡೋ ಮಷಿನ್ನಿನ ಸಿಪಿಯುಗಂತನ ಕೋಡ್ ಮಾಡೋದು), ಓಫಾಸ್ಟ್ ಬಗ್ಗೆ ಭಾಳ ಹೇಳೋದಿಲ್ಲ. ಸೀರಿಯಲ್ ಕೇಬಲ್ 9600 ಬಾಡಿನ್ಯಾಗ (ಸೆಕೆಂಡಿಗೆ 9600 ಬಿಟ್) ಬರತೈತಿ, ಸಿಪಿಯು ಕಾಯೋದ ಹೆಚ್ಚು, ಓ2ಕ್ಕೂ ಓ3ಕ್ಕೂ ಗುಮಾಸ್ತರಿಗೆ ಗೊತ್ತಾಗೋ ಫರಕ್ ಇಲ್ಲ, ಬೈನರಿ ದಪ್ಪ ಆತು ಅಷ್ಟ. ಮಾರ್ಚ್ ನೇಟಿವ್ ಹಾಕಿ ಬಿಲ್ಡ್ ಮಾಡಿದ್ದು ನನ್ನ ಲ್ಯಾಪ್‌ಟಾಪಿನ್ಯಾಗ ಓಡಿತು, ಮನ್ಯಾಗಿನ ಹಳೇ ಪೆಂಟಿಯಂ ಡಬ್ಬಿದಾಗ ಹಾಕಿ ನೋಡಿದ್ರ "ಇಲ್ಲೀಗಲ್ ಇನ್‌ಸ್ಟ್ರಕ್ಷನ್". ಪೆಂಟಿಯಂ, ಸೆಲೆರಾನ್ ಹೆಸರಿನ ಚಿಪ್ಪಿನ್ಯಾಗ ಭಾಳ ವರ್ಷ ಎವಿಎಕ್ಸ್ ಅನ್ನೋ ಇನ್‌ಸ್ಟ್ರಕ್ಷನ್ ಇರಲಿಲ್ಲ, ಮಿಲ್ಲು, ದಲಾಲಿ ಅಂಗಡ್ಯಾಗ ಇರೋದು ಅಂಥವ. ಬೇರೆಯವರ ಮಷಿನ್ನಿಗೆ ಕೊಡೋದು ಇದ್ರ ಅದನ್ನ ಮುಟ್ಟಬ್ಯಾಡ್ರಿ. ಓಫಾಸ್ಟ್ ಅಂದ್ರ ಓ3 ಜೊತಿ ಫಾಸ್ಟ್ ಮ್ಯಾಥ್, ನ್ಯಾನ್ (ನಂಬರ್ ಅಲ್ಲದ ಬೆಲೆ) ಅನ್ನೋದೇ ಬರಂಗಿಲ್ಲ ಅಂತ ತಿಳಕೋತೈತಿ. ತೇವಾಂಶದ ಮೀಟರ್ ಓದದಿದ್ರ ನಮ್ಮ ಕೋಡ್ ನ್ಯಾನ್ ಇಟ್ಟು ಇಸ್‌ನ್ಯಾನ್‌ದಿಂದ ಚೆಕ್ ಮಾಡತಿತ್ತು, ಓಫಾಸ್ಟ್ ಹಾಕಿದ್ರ ಆ ಚೆಕ್ಕ ಹಾರಿ ಹೋತು. ಭತ್ತಕ್ಕ ತೇವಾಂಶ 17 ಪರ್ಸೆಂಟ್ ದಾಟಿದ್ರ ಸರ್ಕಾರಿ ಖರೀದಿದಾಗ ತಗೊಳ್ಳಂಗಿಲ್ಲ, ಅಂಥ ಲೆಕ್ಕದಾಗ ಇದು ಬ್ಯಾಡ. 2024ರ ಕ್ಲಾಂಗ್ 19 ಓಫಾಸ್ಟ್‌ನ್ನ ಬಳಸಬ್ಯಾಡ್ರಿ ಅಂತಾನ ಹೇಳಾಕ ಶುರು ಮಾಡೈತಿ.

ಡಬ್ಲ್ಯೂ-ಎರರ್ ನನ್ನ ಮೇಕ್‌ಫೈಲಿನ್ಯಾಗ ಐತಿ, ವಾರ್ನಿಂಗ್ ಬಂದ್ರ ಬಿಲ್ಡ್ ನಿಲ್ಲತೈತಿ. ಸೋರ್ಸ್ ಬ್ಯಾರೆಯವರಿಗೆ ಕೊಡೋವಾಗ ತಗೀತೀನಿ, ಅವರ ಹತ್ರ ಮುಂದಿನ ಜಿಸಿಸಿ ಇದ್ರ ಹೊಸಾ ವಾರ್ನಿಂಗ್ ಬಂದು ಚಲೋ ಕೋಡೂ ಕಂಪೈಲ್ ಆಗಂಗಿಲ್ಲ, ಆಮ್ಯಾಲ ರಾತ್ರಿ ಫೋನ್ ಬರೋದು ನನಗ.